ಒಂದೇ ಪೆಟ್ಟಿಗೆ, ಎರಡು ಆಯುಷ್ಯ

ಕಪಾಟಿನಲ್ಲಿ ಡಿವಿಡಿಗಳ ಸಾಲಿದೆ, ಅವನ್ನು ಓಡಿಸುತ್ತಿದ್ದ ಪ್ಲೇಯರ್ ಕೈಕೊಟ್ಟಿದೆ. ಹೇಗೂ ಹೊಸದು ಕೊಳ್ಳಬೇಕು. ಕೊಳ್ಳುವಾಗಲೇ ನೆಟ್‌ಫ್ಲಿಕ್ಸ್, ಯೂಟ್ಯೂಬ್ ಎಲ್ಲ ಬರುವಂಥದ್ದನ್ನು ಕೊಂಡುಬಿಟ್ಟರೆ ಹೇಗೆ? ಈ ಪ್ರಶ್ನೆ ಕೇಳುವವರು ಈಗ ಕಡಿಮೆಯಾಗಿದ್ದಾರೆ, ಇಲ್ಲವಾಗಿಲ್ಲ. ಹಾಡಿನ ಸಿ.ಡಿ.ಗಳನ್ನೂ ಮದುವೆಯ ಡಿವಿಡಿಯನ್ನೂ ಜೋಪಾನ ಮಾಡಿಟ್ಟವರು ಕೇಳುತ್ತಾರೆ. ‘ಇಲ್ಲಿ ಅಗ್ಗಕ್ಕೆ ಸಿಗುತ್ತದೆ, ಬರುವಾಗ ಒಂದು ತರಲೇ?’ ಎಂದು ಅಮೆರಿಕದಿಂದ ಮಗಳು ಫೋನು ಮಾಡಿದಾಗ ಏನು ಹೇಳಬೇಕೆಂದು ತೋಚದ ತಂದೆತಾಯಿಯೂ ಕೇಳುತ್ತಾರೆ. ಈ ಲೇಖನ ಅವರಿಗಾಗಿ. ದಾರಿಯಲ್ಲಿ ಕೆಲವು ತಾಂತ್ರಿಕ ಹೆಸರುಗಳು ಎದುರಾಗುತ್ತವೆ, ಗಾಬರಿ ಬೇಡ. ಒಂದೊಂದನ್ನೂ ಬಿಡಿಸಿಕೊಂಡೇ ಮುಂದೆ ಹೋಗೋಣ.

ಇಂಥ ಪ್ಲೇಯರ್ ಹೊರಗಿನಿಂದ ಒಂದೇ ಯಂತ್ರ. ಒಳಗೆ ಮಾತ್ರ ಒಂದಕ್ಕೊಂದು ನೆಂಟಸ್ತಿಕೆಯಿಲ್ಲದ ಎರಡು ಕೆಲಸಗಳು ನಡೆಯುತ್ತವೆ. ಒಂದು, ಡಿಸ್ಕ್ ಓದುವುದು. ಅದಕ್ಕೆ ಬೇಕಾದದ್ದು ಮೋಟಾರು, ಮಸೂರ, ಲೇಸರ್. ಇನ್ನೊಂದು, ಇಂಟರ್‌ನೆಟ್ಟಿನಿಂದ ಸಿನಿಮಾ ತರಿಸಿ ತೋರಿಸುವುದು. ಅದಕ್ಕೆ ಬೇಕಾದದ್ದು ಪುಟ್ಟ ಕಂಪ್ಯೂಟರು. ಧೂಳು, ಬಿಸಿ ತಾಗದಂತೆ ಇಟ್ಟರೆ ಮೊದಲನೆಯದು ಬಹುಕಾಲ ಬಾಳುತ್ತದೆ. ಎರಡನೆಯದರ ಆಯುಷ್ಯ ನಮ್ಮ ಕೈಯಲ್ಲೂ ಇಲ್ಲ, ಪ್ಲೇಯರ್ ಮಾಡಿದವರ ಕೈಯಲ್ಲೂ ಪೂರ್ತಿಯಾಗಿ ಇಲ್ಲ. ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಡಿಸ್ಕಿನ ಲೆಕ್ಕ ಹಾಕಿ ಪ್ಲೇಯರ್ ಆರಿಸಿ, ಆನ್‌ಲೈನ್ ಸೌಲಭ್ಯ ಬಂದರೆ ಅದನ್ನು ಕೊಸರು ಎಂದುಕೊಳ್ಳಿ. ಏಕೆ ಹೀಗೆ ಎಂಬುದೇ ಮುಂದಿನ ಪಾಠ.

ಡಿಸ್ಕಿನಿಂದಲೇ ಶುರು ಮಾಡೋಣ. ಸಿ.ಡಿ., ಡಿವಿಡಿ, ಬ್ಲೂ-ರೇ ಮೂರೂ ಒಂದೇ ಅಳತೆಯವು, 12 ಸೆಂಟಿಮೀಟರ್ ಅಗಲ. ಮೂರರಲ್ಲೂ ಮಾಹಿತಿ ಸುರುಳಿಯಾಗಿ, ಒಳಗಿನಿಂದ ಹೊರಕ್ಕೆ ಸುತ್ತುವ ಒಂದೇ ಗೆರೆಯಲ್ಲಿ ಕೂತಿರುತ್ತದೆ. ಗೆರೆಯುದ್ದಕ್ಕೂ ಕಣ್ಣಿಗೆ ಕಾಣದ ಗುಳಿಗಳು. ಲೇಸರ್ ಬೆಳಕು ಬಿದ್ದಾಗ ಗುಳಿಯಿದ್ದ ಕಡೆ ಒಂದು ಬಗೆಯ ಪ್ರತಿಫಲನ, ಇಲ್ಲದ ಕಡೆ ಇನ್ನೊಂದು ಬಗೆ. ಆ ವ್ಯತ್ಯಾಸವೇ ಸೊನ್ನೆ ಮತ್ತು ಒಂದುಗಳಾಗಿ, ಕೊನೆಗೆ ಚಿತ್ರವಾಗಿ, ಧ್ವನಿಯಾಗಿ ಹೊರಬರುತ್ತದೆ. ಹಾಗಾದರೆ 1982ರ ಸಿ.ಡಿ.ಯಲ್ಲಿ 700 ಮೆಗಾಬೈಟಿನಷ್ಟು ಹಿಡಿದರೆ, 1996ರ ಡಿವಿಡಿಯ ಒಂದು ಪದರದಲ್ಲಿ 4.7 ಗಿಗಾಬೈಟ್, 2006ರ ಬ್ಲೂ-ರೇಯ ಒಂದು ಪದರದಲ್ಲಿ 25 ಗಿಗಾಬೈಟ್ ಹಿಡಿಯುವುದು ಹೇಗೆ? ಗುಟ್ಟು ಬೆಳಕಿನ ಬಣ್ಣದಲ್ಲಿದೆ. ಸಿ.ಡಿ. ಓದುವ ಲೇಸರಿನ ತರಂಗಾಂತರ 780 ನ್ಯಾನೋಮೀಟರ್, ಅಂದರೆ ಕಣ್ಣಿಗೆ ಕಾಣುವ ಕೆಂಪಿಗಿಂತಲೂ ಆಚಿನದು. ಡಿವಿಡಿಯದು 650, ಕೆಂಪು. ಬ್ಲೂ-ರೇಯದು 405, ನೇರಳೆಗೆ ತಿರುಗಿದ ನೀಲಿ. ತರಂಗಾಂತರ ಕಿರಿದಾದಷ್ಟೂ ಬೆಳಕನ್ನು ಇನ್ನಷ್ಟು ಸಣ್ಣ ಚುಕ್ಕೆಗೆ ಇಳಿಸಬಹುದು. ದಪ್ಪ ಮೊನೆಯ ಪೆನ್ನಿನಲ್ಲಿ ಒಂದು ಪುಟಕ್ಕೆ ಇಪ್ಪತ್ತು ಸಾಲು ಬರೆಯುವವನು ಸೂಜಿಮೊನೆ ಪೆನ್ನು ಕೊಟ್ಟರೆ ಅದೇ ಪುಟದಲ್ಲಿ ಅರವತ್ತು ಸಾಲು ಬರೆದಂತೆ. ಸಿ.ಡಿ.ಯಲ್ಲಿ ಗೆರೆಯಿಂದ ಗೆರೆಗೆ 1.6 ಮೈಕ್ರೋಮೀಟರ್ ಅಂತರ, ಡಿವಿಡಿಯಲ್ಲಿ 0.74, ಬ್ಲೂ-ರೇಯಲ್ಲಿ ಬರೀ 0.32.

ಈ ನೀಲಿ ಬೆಳಕು ಸುಲಭಕ್ಕೆ ಸಿಕ್ಕಿದ್ದಲ್ಲ. ಜಪಾನಿನ ನಿಚಿಯಾ ಕಂಪನಿಯಲ್ಲಿ 1990ರ ದಶಕದಲ್ಲಿ ಶೂಜಿ ನಕಮುರಾ ನೀಲಿ ಎಲ್‌ಇಡಿಯ ಮೇಲೂ ಆಮೇಲೆ ನೀಲಿ ಲೇಸರಿನ ಮೇಲೂ ಮಾಡಿದ ಕೆಲಸ ಇದರ ಹಿಂದಿದೆ. ನೀಲಿ ಎಲ್‌ಇಡಿಗಾಗಿ ಅವರಿಗೆ, ಇಸಾಮು ಅಕಾಸಾಕಿ ಮತ್ತು ಹಿರೋಷಿ ಅಮಾನೊ ಅವರ ಜೊತೆಗೆ, 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಪ್ಲೇಯರಿನ ಬೆಲೆ ಕೇಳಿ ಮುಖ ಸಿಂಡರಿಸುವ ಮುನ್ನ ಇದನ್ನೂ ನೆನೆಯಬಹುದು.

ಗಿಗಾಬೈಟ್ ಹೆಚ್ಚಾದರೆ ನಮಗೇನು ಲಾಭ? ಚಿತ್ರದ ಸ್ಪಷ್ಟತೆ. ಡಿವಿಡಿಯ ಒಂದು ಚೌಕಟ್ಟಿನಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕೆಗಳು, ಒಟ್ಟು ಸುಮಾರು 4 ಲಕ್ಷ. ಬ್ಲೂ-ರೇಯಲ್ಲಿ 1920 ಗುಣಿಸು 1080, ಸುಮಾರು 20 ಲಕ್ಷ. 2016ರಲ್ಲಿ ಬಂದ 4ಕೆ ಬ್ಲೂ-ರೇಯಲ್ಲಿ 3840 ಗುಣಿಸು 2160, ಸುಮಾರು 83 ಲಕ್ಷ. ಇಲ್ಲಿ ಅಂಗಡಿಯವರು ಹೇಳದ ಒಂದು ಮಾತಿದೆ. 4 ಲಕ್ಷದಿಂದ 20 ಲಕ್ಷಕ್ಕೆ ಹಾರಿದಾಗ ಎಂಥವರ ಕಣ್ಣಿಗೂ ವ್ಯತ್ಯಾಸ ಹೊಡೆದು ಕಾಣುತ್ತದೆ. 20ರಿಂದ 83ಕ್ಕೆ ಹೋದಾಗ ನಲವತ್ತು ಇಂಚಿನ ಟಿವಿಯ ಮುಂದೆ ಹತ್ತಡಿ ದೂರ ಕೂತವರಿಗೆ ಬಹುತೇಕ ಗೊತ್ತೇ ಆಗುವುದಿಲ್ಲ. 4ಕೆ ಡಿಸ್ಕಿನ ನಿಜವಾದ ಹೆಚ್ಚುಗಾರಿಕೆ ಚುಕ್ಕೆಗಳ ಎಣಿಕೆಯಲ್ಲಿಲ್ಲ, ಎಚ್‌ಡಿಆರ್ ಎಂಬ ಸೌಲಭ್ಯದಲ್ಲಿದೆ: ಕಗ್ಗತ್ತಲಿನಿಂದ ಕಣ್ಣುಕೋರೈಸುವ ಬೆಳಕಿನವರೆಗಿನ ಮೆಟ್ಟಿಲುಗಳನ್ನು ಹೆಚ್ಚು ಸೂಕ್ಷ್ಮವಾಗಿ ತೋರಿಸುವ ವಿಧಾನ. ದೀಪದ ಬುಡದ ನೆರಳು, ಮೋಡದಂಚಿನ ಬಿಸಿಲು ಇಂಥವು ಅದರಲ್ಲಿ ಬೇರೆಯೇ ಆಗಿ ಕಾಣುತ್ತವೆ. ಎಚ್‌ಡಿಆರ್ 10 ಎಂಬ ಬಗೆ ಎಲ್ಲ 4ಕೆ ಪ್ಲೇಯರಿನಲ್ಲೂ ಇರಲೇಬೇಕು. ಡಾಲ್ಬಿ ವಿಷನ್ ಎಂಬುದು ಐಚ್ಛಿಕ. ಅದನ್ನು ತೋರಿಸುವ ಶಕ್ತಿ ಟಿವಿಗೂ ಇರಬೇಕು. ಸ್ಯಾಮ್‌ಸಂಗ್ ಟಿವಿಗಳಲ್ಲಿ ಅದು ಇರುವುದಿಲ್ಲ. ಅಂಥ ಮನೆಯವರು ಡಾಲ್ಬಿ ವಿಷನ್ ಹೆಸರಿಗೆ ಹೆಚ್ಚು ಹಣ ತೆರುವುದು ವ್ಯರ್ಥ.

ಹೊಸ ಪ್ಲೇಯರ್ ಹಳೆಯ ಡಿಸ್ಕನ್ನು ಓಡಿಸುತ್ತದೆಯೇ? ಸಾಮಾನ್ಯವಾಗಿ ಹೌದು. 4ಕೆ ಪ್ಲೇಯರ್ ಬ್ಲೂ-ರೇಯನ್ನೂ ಡಿವಿಡಿಯನ್ನೂ ಓದುತ್ತದೆ. ಬ್ಲೂ-ರೇ ಪ್ಲೇಯರ್ ಡಿವಿಡಿ ಓದುತ್ತದೆ, 4ಕೆ ಡಿಸ್ಕನ್ನು ಓದುವುದಿಲ್ಲ. ಡಿವಿಡಿ ಹಾಕಿದಾಗ ಆ 4 ಲಕ್ಷ ಚುಕ್ಕೆಗಳನ್ನು ದೊಡ್ಡ ಪರದೆಗೆ ಹಿಗ್ಗಿಸಿ ತುಂಬುವ ಕೆಲಸವನ್ನೂ ಒಳ್ಳೆಯ ಪ್ಲೇಯರ್ ಚೆನ್ನಾಗಿಯೇ ಮಾಡುತ್ತದೆ. ಹಿಗ್ಗಿಸಿದ್ದು ಹಿಗ್ಗಿಸಿದ್ದೇ, ಬ್ಲೂ-ರೇ ಆಗಿಬಿಡುವುದಿಲ್ಲ. ಆದರೂ ಹಳೆಯ ಡಿವಿಡಿ ಹೊಸ ಪ್ಲೇಯರಿನಲ್ಲಿ ಮುಂಚಿಗಿಂತ ಕಳೆಗಟ್ಟಿ ಕಾಣುವುದುಂಟು. ನಮ್ಮ ಮನೆಗಳಲ್ಲಿ ವಿಸಿಡಿಗಳ ಕಥೆ ಮಾತ್ರ ಬೇರೆ. 2007ರ ಹೊತ್ತಿಗೆ ಮೋಸರ್ ಬೇರ್ ಕಂಪನಿ ಸಿನಿಮಾ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರುಕಟ್ಟೆಗೆ ಬಿಟ್ಟಾಗ ಕಿರಾಣಿ ಅಂಗಡಿಯಲ್ಲೂ ಡಿಸ್ಕ್ ತೂಗಾಡುತ್ತಿತ್ತು. ಆ ವಿಸಿಡಿಗಳು ಇನ್ನೂ ಡಬ್ಬಗಳಲ್ಲಿವೆ. ಪಾಶ್ಚಾತ್ಯ ಮಾರುಕಟ್ಟೆಗೆಂದು ಮಾಡಿದ ಎಷ್ಟೋ ಬ್ಲೂ-ರೇ ಪ್ಲೇಯರುಗಳಿಗೆ ವಿಸಿಡಿ ಅಂದರೆ ಏನೆಂದೇ ಗೊತ್ತಿಲ್ಲ. ಕೈಪಿಡಿಯ ಕೊನೆಯ ಪುಟಗಳಲ್ಲಿ ‘ಓಡಿಸಬಹುದಾದ ಡಿಸ್ಕುಗಳು’ ಎಂಬ ಪಟ್ಟಿ ಇರುತ್ತದೆ. ಕಂಪನಿಯ ಜಾಲತಾಣದಲ್ಲಿ ಕೈಪಿಡಿ ಪುಕ್ಕಟೆ ಸಿಗುತ್ತದೆ. ಹಣ ಕೊಡುವ ಮೊದಲು ಆ ಒಂದು ಪುಟ ಓದಿ.

ಈಗ ಆನ್‌ಲೈನ್ ಕಡೆಗೆ ಬರೋಣ. ಇಲ್ಲಿ ಡಿಸ್ಕಿನ ಬದಲು ದೂರದ ಸರ್ವರಿನಿಂದ ಸಿನಿಮಾ ತುಣುಕು ತುಣುಕಾಗಿ ಹರಿದು ಬರುತ್ತದೆ. ಹರಿವಿನ ವೇಗವನ್ನು ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂದು ಅಳೆಯುತ್ತಾರೆ. ಪೂರ್ಣ ಎಚ್‌ಡಿ ಚಿತ್ರಕ್ಕೆ 5 ಮೆಗಾಬಿಟ್, 4ಕೆ ಚಿತ್ರಕ್ಕೆ 15 ಮೆಗಾಬಿಟ್ ವೇಗದ ಸಂಪರ್ಕವಿರಲಿ ಎನ್ನುತ್ತದೆ ನೆಟ್‌ಫ್ಲಿಕ್ಸ್. ಲೆಕ್ಕ ಮಾಡಿ ನೋಡಿ: 15 ಮೆಗಾಬಿಟ್ ವೇಗದಲ್ಲಿ ಎರಡೂವರೆ ಗಂಟೆಯ ಸಿನಿಮಾ ಅಂದರೆ ಸುಮಾರು 17 ಗಿಗಾಬೈಟ್. ಅದೇ ಸಿನಿಮಾದ 4ಕೆ ಡಿಸ್ಕು 66 ಅಥವಾ 100 ಗಿಗಾಬೈಟಿನದಾಗಿರಬಹುದು. ಅದರಿಂದ ಸೆಕೆಂಡಿಗೆ ಗರಿಷ್ಠ 128 ಮೆಗಾಬಿಟ್‌ವರೆಗೆ ಓದಲು ಅವಕಾಶವಿದೆ. ಮಂಜು, ಮಳೆ, ಹೊಗೆ, ಕತ್ತಲಕೋಣೆ ಇರುವ ದೃಶ್ಯಗಳಲ್ಲಿ ಈ ಅಂತರ ಬಯಲಾಗುತ್ತದೆ. ಆನ್‌ಲೈನ್ ಚಿತ್ರದಲ್ಲಿ ಕತ್ತಲು ಚೌಕಚೌಕವಾಗಿ ಒಡೆಯುವುದನ್ನು ನೀವೂ ನೋಡಿರುತ್ತೀರಿ.

ಧ್ವನಿಯಲ್ಲಂತೂ ಅಂತರ ಇನ್ನೂ ದೊಡ್ಡದು. ಡಿಸ್ಕಿನಲ್ಲಿ ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೊ ಎಂಬ ಬಗೆಗಳಿರುತ್ತವೆ. ಸ್ಟುಡಿಯೋದಲ್ಲಿ ಸಿದ್ಧವಾದ ಧ್ವನಿಯಲ್ಲಿ ಒಂದು ಬಿಟ್ಟೂ ಕಳೆಯದೆ ಅವು ಮರಳಿ ಕೊಡುತ್ತವೆ. ನೆಟ್‌ಫ್ಲಿಕ್ಸಿನಲ್ಲಿ ಅತ್ಯುತ್ತಮ ಧ್ವನಿಯೂ ಸೆಕೆಂಡಿಗೆ 768 ಕಿಲೋಬಿಟ್‌ಗೆ ಹಿಂಡಿದ್ದು. ಟಿವಿಯ ಹಿಂಬದಿಯ ಸ್ಪೀಕರಿನಲ್ಲೇ ಕೇಳುವವರಿಗೆ ಇದರಿಂದ ಏನೂ ಆಗಬೇಕಾದ್ದಿಲ್ಲ, ಬಿಡಿ. ಆರು ಸ್ಪೀಕರ್ ಇಟ್ಟುಕೊಂಡವರು ಮಾತ್ರ ತಲೆ ಕೆಡಿಸಿಕೊಳ್ಳಲಿ.

ಡೇಟಾ ವಿಷಯವನ್ನೂ ಇಲ್ಲಿಯೇ ಮುಗಿಸೋಣ. ಮೊಬೈಲಿನ ದಿನಕ್ಕೆ 2 ಗಿಗಾಬೈಟ್ ಡೇಟಾವನ್ನು ಹಾಟ್‌ಸ್ಪಾಟ್ ಮಾಡಿ ಟಿವಿಯಲ್ಲಿ ಸಿನಿಮಾ ನೋಡುತ್ತೇವೆ ಎನ್ನುವವರಿದ್ದಾರೆ. 4ಕೆಯಲ್ಲಿ ಅದು ಹದಿನೆಂಟು ನಿಮಿಷಕ್ಕೆ ಖಾಲಿ, ಎಚ್‌ಡಿಯಲ್ಲಿ ಒಂದು ಗಂಟೆಯೊಳಗೆ. ಮನೆಗೆ ಫೈಬರ್ ಸಂಪರ್ಕ ಬಂದಿದ್ದರೆ ಮಾತ್ರ ಆನ್‌ಲೈನ್ ಸೌಲಭ್ಯಕ್ಕೆ ಅರ್ಥ. ಪ್ಲೇಯರಿಗೆ ಸಾಧ್ಯವಾದರೆ ವೈ-ಫೈ ಬಿಟ್ಟು ತಂತಿಯನ್ನೇ ಎಳೆಯಿರಿ. ಹಳೆಯ ಮಾದರಿಗಳ ಡಬ್ಬದ ಮೇಲೆ ‘ವೈ-ಫೈ ರೆಡಿ’ ಎಂದು ಬರೆದಿದ್ದರೆ ಒಳಗೆ ವೈ-ಫೈ ಇದೆ ಎಂದಲ್ಲ, ಬೇರೆ ಅಡಾಪ್ಟರ್ ಕೊಂಡು ಚುಚ್ಚಿದರೆ ಬರುತ್ತದೆ ಎಂದು. ಇದರಲ್ಲಿ ಮೋಸಹೋದವರು ಬಹಳ ಜನ.

ಈಗ ಆಯುಷ್ಯದ ಮಾತು. ನೆಟ್‌ಫ್ಲಿಕ್ಸ್ ಹುಟ್ಟಿದ್ದೇ ಅಂಚೆಯಲ್ಲಿ ಡಿವಿಡಿ ಕಳಿಸುವ ಕಂಪನಿಯಾಗಿ. ಆನ್‌ಲೈನ್ ಸಿನಿಮಾ ಶುರುಮಾಡಿದ್ದು 2007ರಲ್ಲಿ. ಮರುವರ್ಷವೇ ಎಲ್‌ಜಿಯ ಬಿಡಿ300 ಎಂಬ ಬ್ಲೂ-ರೇ ಪ್ಲೇಯರಿನೊಳಗೆ ಅದು ಬಂದು ಕೂತಿತು. ನೆಟ್‌ಫ್ಲಿಕ್ಸ್ ಬರುವ ಮೊದಲ ಬ್ಲೂ-ರೇ ಪ್ಲೇಯರ್ ಅದೇ. ಆಗ ಬಹುತೇಕ ಟಿವಿಗಳಿಗೆ ಇಂಟರ್‌ನೆಟ್ ಇರಲಿಲ್ಲ. ಹಾಗಾಗಿ ಡಿಸ್ಕ್ ಪ್ಲೇಯರೇ ಟಿವಿಗೆ ಇಂಟರ್‌ನೆಟ್ ತರುವ ಬಾಗಿಲಾಯಿತು, ಮುಂದಿನ ಏಳೆಂಟು ವರ್ಷ ಆ ಜೋಡಿಗೆ ಒಳ್ಳೆಯ ಬೇಡಿಕೆಯಿತ್ತು. ಇಂದಿಗೂ ‘ಸ್ಮಾರ್ಟ್ ಬ್ಲೂ-ರೇ ಪ್ಲೇಯರ್’ ಹೆಸರಿನಲ್ಲಿ ಸಿಗುವ ಹಳೆಯ ದಾಸ್ತಾನೆಲ್ಲ ಆ ಕಾಲದ್ದು.

ಆಮೇಲೆ ಆದದ್ದು ಕೇಳಿ. 2015ರ ಏಪ್ರಿಲ್‌ನಲ್ಲಿ ಯೂಟ್ಯೂಬ್ ತನ್ನ ಹಳೆಯ ತಾಂತ್ರಿಕ ಸಂಪರ್ಕವ್ಯವಸ್ಥೆಯನ್ನು ನಿಲ್ಲಿಸಿತು. 2012 ಮತ್ತು ಅದಕ್ಕೂ ಹಿಂದಿನ ಎಷ್ಟೋ ಟಿವಿ, ಬ್ಲೂ-ರೇ ಪ್ಲೇಯರುಗಳಲ್ಲಿ ಯೂಟ್ಯೂಬ್ ಆ್ಯಪ್ ಅಲ್ಲಿಗೆ ಸತ್ತಿತು. 2019ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ಕೆಲವು ಹಳೆಯ ಸ್ಯಾಮ್‌ಸಂಗ್ ಟಿವಿಗಳಿಗೂ ಟಿವಿಗೆ ಸಿಕ್ಕಿಸುವ ಹಳೆಯ ರೋಕು ಸಾಧನಗಳಿಗೂ ಬಾಗಿಲು ಹಾಕಿತು. ಯಂತ್ರಗಳು ಕೆಟ್ಟಿರಲಿಲ್ಲ, ಪ್ಲೇಯರಿಗೆ ಡಿಸ್ಕ್ ಹಾಕಿದರೆ ಮೊದಲಿನಂತೆ ಓಡುತ್ತಿತ್ತು. ಕೆಟ್ಟದ್ದು ಆ ಕಡೆಯ ಒಪ್ಪಂದ. ಕಳ್ಳನಕಲು ತಡೆಯಲು ಸಿನಿಮಾವನ್ನು ಬೀಗ ಹಾಕಿಯೇ ಕಳಿಸುತ್ತಾರೆ. ಆ ಬೀಗದ ವಿಧಾನ ಬದಲಾದಾಗ, ಚಿತ್ರವನ್ನು ಅಡಕಗೊಳಿಸುವ ಹೊಸ ರೀತಿ ಬಂದಾಗ ಪ್ಲೇಯರಿನೊಳಗಿನ ಪುಟ್ಟ ಕಂಪ್ಯೂಟರು ಕಲಿಯಬೇಕು. ಕಲಿಸಬೇಕಾದವರು ತಯಾರಕರು. ಐದು ವರ್ಷದ ಹಿಂದೆ ಮಾರಿದ ಪ್ಲೇಯರಿಗೆ ಇಂದು ಹೊಸ ತಂತ್ರಾಂಶ ಬರೆಸುವುದರಿಂದ ತಯಾರಕರಿಗೆ ಬಿಡಿಗಾಸೂ ಹುಟ್ಟುವುದಿಲ್ಲ. ಆದ್ದರಿಂದ ಬರೆಸುವುದಿಲ್ಲ. ಇದು ಯಾರದೋ ದುಷ್ಟತನವೆಂದು ನನಗೆ ಅನ್ನಿಸುವುದಿಲ್ಲ, ಬರಿಯ ಲೆಕ್ಕಾಚಾರ. ಆದರೆ ಆ ಲೆಕ್ಕವನ್ನು ಕೊಳ್ಳುವವರೂ ಮಾಡಬೇಕಲ್ಲ?

ಕನ್ನಡ ನೋಡುವವರಿಗೆ ಇನ್ನೊಂದು ಕೊಕ್ಕೆ ಇದೆ. ಈ ಪ್ಲೇಯರುಗಳಲ್ಲಿ ಬರುವ ಆ್ಯಪ್‌ಗಳು ಸಾಮಾನ್ಯವಾಗಿ ನೆಟ್‌ಫ್ಲಿಕ್ಸ್, ಅಮೆಜಾನ್ ಪ್ರೈಮ್, ಯೂಟ್ಯೂಬ್, ಜೊತೆಗೆ ಅಮೆರಿಕ ಯೂರೋಪಿನ ಒಂದಷ್ಟು. ನಮ್ಮ ಕನ್ನಡ ಸಿನಿಮಾ, ಧಾರಾವಾಹಿಗಳ ದೊಡ್ಡ ಪಾಲು ಇರುವುದು ಜೀ5, ಸನ್ ನೆಕ್ಸ್ಟ್, ಜಿಯೋಹಾಟ್‌ಸ್ಟಾರ್‌ಗಳಲ್ಲಿ. ಡಿಸ್ಕ್ ಪ್ಲೇಯರಿನಲ್ಲಿ ಅವನ್ನು ಹುಡುಕುವುದು ದಂಡ. ಟಿವಿ ಸ್ಮಾರ್ಟ್ ಆಗಿದ್ದರೆ ಈ ಆ್ಯಪ್‌ಗಳು ಟಿವಿಯಲ್ಲೇ ಸಿಗುತ್ತವೆ. ಇಲ್ಲದಿದ್ದರೆ ಅಮೆಜಾನ್ ಫೈರ್ ಟಿವಿ ಸ್ಟಿಕ್‌ನಂಥ ಬೆರಳುದ್ದದ ಸಾಧನವನ್ನು ಟಿವಿಯ ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸಿದರಾಯಿತು. ಅದು ಹಳತಾದಾಗ ಅದೊಂದನ್ನೇ ಬದಲಿಸಬಹುದು, ಪ್ಲೇಯರ್ ತನ್ನ ಪಾಡಿಗೆ ತಾನಿರುತ್ತದೆ. ಡಿಸ್ಕಿಗೆ ಒಂದು ಯಂತ್ರ, ಆನ್‌ಲೈನಿಗೆ ಇನ್ನೊಂದು: ರಿಮೋಟು ಎರಡಾದರೂ ನನ್ನ ಮತ ಈ ಕಡೆಗೇ.

ಹಾಗಿದ್ದೂ ಒಂದೇ ಪೆಟ್ಟಿಗೆ ಬೇಕೆನ್ನುವವರ ವಾದವನ್ನು ತಳ್ಳಿಹಾಕಲಾರೆ. ವಯಸ್ಸಾದವರಿರುವ ಮನೆಯಲ್ಲಿ ಎರಡು ರಿಮೋಟು, ಟಿವಿಯಲ್ಲಿ ‘ಇನ್‌ಪುಟ್’ ಬದಲಿಸುವುದು ನಿತ್ಯದ ಕಿರಿಕಿರಿ. ಅಂಥವರು 2018ರಲ್ಲಿ ಬಂದ ಪ್ಯಾನಸಾನಿಕ್ ಯುಬಿ820, ಸೋನಿ ಎಕ್ಸ್700 ಸಾಲಿನ 4ಕೆ ಪ್ಲೇಯರುಗಳನ್ನು ನೋಡಬಹುದು. ಎರಡರಲ್ಲೂ ನೆಟ್‌ಫ್ಲಿಕ್ಸ್, ಯೂಟ್ಯೂಬ್ ಆ್ಯಪ್‌ಗಳನ್ನು ಹಾಕಿಯೇ ಮಾರಿದ್ದರು. ಈ ಎರಡರಲ್ಲಿ ಪ್ಯಾನಸಾನಿಕ್ ನನಗೆ ಹೆಚ್ಚು ಇಷ್ಟ. ಟಿವಿಗೆ ಎಚ್‌ಡಿಆರ್ ನೆಟ್ಟಗೆ ಬರದಿದ್ದರೂ ಚಿತ್ರವನ್ನು ಆ ಟಿವಿಯ ಶಕ್ತಿಗೆ ತಕ್ಕಂತೆ ಹದಗೊಳಿಸಿ ಕಳಿಸುವ ಕೌಶಲ ಅದರದು. ಸೋನಿ ಅಗ್ಗ, ಆದರೆ ಅದರಲ್ಲಿ ಡಾಲ್ಬಿ ವಿಷನನ್ನು ಡಿಸ್ಕಿಗೆ ತಕ್ಕಂತೆ ನಾವೇ ಮೆನುವಿಗೆ ಹೋಗಿ ಹಾಕಬೇಕು, ತೆಗೆಯಬೇಕು. ಮಾದರಿಯ ಹೆಸರಿನ ಕೊನೆಯ ಅಕ್ಷರವನ್ನೂ ಬಿಡದೆ ಓದಿ. ಒಂದೇ ಕಂಪನಿಯ, ನೋಡಲು ಒಂದೇ ತರಹದ ಎರಡು ಮಾದರಿಗಳಲ್ಲಿ ಒಂದಕ್ಕೆ ಆ್ಯಪ್‌ಗಳಿದ್ದು ಇನ್ನೊಂದಕ್ಕೆ ಇಂಟರ್‌ನೆಟ್ಟೇ ಇಲ್ಲದಿರುವುದು ಈ ವ್ಯಾಪಾರದಲ್ಲಿ ಮಾಮೂಲು.

ಈಗ ಅಮೆರಿಕದ ಮಗಳ ಫೋನಿಗೆ ಉತ್ತರ. ‘ಬೇಡ’ ಎನ್ನುವುದಕ್ಕೆ ಮೂರು ಕಾರಣ ಕೊಡಬಲ್ಲೆ.

ಮೊದಲನೆಯದು ವಲಯಗಳ ಬೀಗ. ಸಿನಿಮಾ ಕಂಪನಿಗಳು ಒಂದೊಂದು ದೇಶದಲ್ಲಿ ಒಂದೊಂದು ಹೊತ್ತಿಗೆ ಡಿಸ್ಕ್ ಮಾರಲು ಅನುಕೂಲವಾಗಲೆಂದು ಲೋಕವನ್ನು ಹಂಚಿಕೊಂಡಿವೆ. ಡಿವಿಡಿಯ ಲೆಕ್ಕದಲ್ಲಿ ಅಮೆರಿಕ 1ನೇ ವಲಯ, ಬ್ರಿಟನ್ ಮತ್ತು ಜಪಾನ್ 2ನೆಯದು, ಭಾರತ 5ನೆಯದು. ಬ್ಲೂ-ರೇಯ ಲೆಕ್ಕದಲ್ಲಿ ಅಮೆರಿಕ, ಜಪಾನ್ ‘ಎ’, ಯೂರೋಪು ‘ಬಿ’, ಭಾರತ, ಚೀನಾ, ರಷ್ಯಾ ‘ಸಿ’. ಒಂದು ವಲಯದ ಪ್ಲೇಯರ್ ಇನ್ನೊಂದು ವಲಯದ ಬೀಗ ಹಾಕಿದ ಡಿಸ್ಕನ್ನು ಓಡಿಸುವುದಿಲ್ಲ. ಇದರ ವಿಚಿತ್ರವನ್ನು ನೋಡಿ. ಸತ್ಯಜಿತ್ ರಾಯ್ ಅವರ ಅಪು ಚಿತ್ರತ್ರಯದ ಮೂಲ ನೆಗೆಟಿವ್‌ಗಳು 1993ರಲ್ಲಿ ಲಂಡನ್ನಿನ ಲ್ಯಾಬೊಂದರ ಬೆಂಕಿಯಲ್ಲಿ ಸುಟ್ಟು ಮುದುಡಿದ್ದವು. ಅವುಗಳಲ್ಲಿ ಉಳಿದದ್ದನ್ನು ಇಟಲಿಯ ಬೊಲೋನ್ಯದಲ್ಲಿ ಬಹಳ ಶ್ರಮದಿಂದ ಬಿಡಿಸಿ ದುರಸ್ತಿ ಮಾಡಿದರು. 2015ರಲ್ಲಿ ಅಮೆರಿಕದ ಕ್ರೈಟೀರಿಯನ್ ಸಂಸ್ಥೆ ಆ ಮೂರನ್ನೂ ಬ್ಲೂ-ರೇಯಲ್ಲಿ ಹೊರತಂದಿತು. ಅದು ‘ಎ’ ವಲಯದ ಡಿಸ್ಕು. ಬಂಗಾಳದ ಹಳ್ಳಿಯಲ್ಲಿ ತೆಗೆದ ಪಥೇರ್ ಪಾಂಚಾಲಿಯನ್ನು ಭಾರತಕ್ಕೆಂದು ಮಾಡಿದ ಪ್ಲೇಯರ್ ಓಡಿಸಲು ಒಲ್ಲೆ ಎನ್ನುತ್ತದೆ! ಇಂಥ ಡಿಸ್ಕುಗಳೇ ನಿಮ್ಮ ಸಂಗ್ರಹವಾದರೆ ಅಮೆರಿಕದ ಪ್ಲೇಯರೇ ಸರಿ, ಮಗಳಿಗೆ ‘ತಾ’ ಎನ್ನಿ. ಇಲ್ಲಿ ಕೊಂಡ ಡಿಸ್ಕುಗಳಾದರೆ ಹಿಂಬದಿಯ ಭೂಗೋಳದ ಚಿಹ್ನೆಯನ್ನು ನೋಡಿ. ‘ಆಲ್’ ಎಂದಿದ್ದರೆ ಎಲ್ಲಿಯ ಪ್ಲೇಯರಾದರೂ ನಡೆಯುತ್ತದೆ. ಸಮಾಧಾನದ ಸಂಗತಿಯೆಂದರೆ 4ಕೆ ಡಿಸ್ಕುಗಳಿಗೆ ವಲಯದ ಬೀಗವಿಲ್ಲ. ಎಲ್ಲಿಯದನ್ನಾದರೂ ಎಲ್ಲಿ ಬೇಕಾದರೂ ಹಾಕಬಹುದು.

ಎರಡನೆಯದು ಕರೆಂಟು. ಅಲ್ಲಿ 120 ವೋಲ್ಟ್, ನಮ್ಮಲ್ಲಿ 230. ಪ್ಲೇಯರಿನ ಹಿಂಬದಿಯ ಚೀಟಿಯಲ್ಲಿ ‘100-240’ ಎಂದು ಬರೆದಿದ್ದರೆ ಚಿಂತೆಯಿಲ್ಲ, ಪಿನ್ ಬದಲಿಸಿದರೆ ಸಾಕು. ‘120’ ಎಂದಷ್ಟೇ ಇದ್ದರೆ ನೇರ ಚುಚ್ಚಬೇಡಿ.

ಮೂರನೆಯದು ಪಾಲ್ ಮತ್ತು ಎನ್‌ಟಿಎಸ್‌ಸಿ. ಇವು ಹಳೆಯ ಟಿವಿ ಕಾಲದ ಎರಡು ಪದ್ಧತಿಗಳು. ಭಾರತದ್ದು ಪಾಲ್, ಸೆಕೆಂಡಿಗೆ 25 ಚೌಕಟ್ಟು. ಅಮೆರಿಕದ್ದು ಎನ್‌ಟಿಎಸ್‌ಸಿ, ಸುಮಾರು 30. ಇಲ್ಲಿನ ಪ್ಲೇಯರುಗಳು ಎರಡನ್ನೂ ಓಡಿಸುತ್ತವೆ. ಅಮೆರಿಕದಲ್ಲಿ ಮಾರುವ ಪ್ಲೇಯರುಗಳಲ್ಲಿ ಬಹುಪಾಲು ಪಾಲ್ ಡಿವಿಡಿಯನ್ನು ಒಪ್ಪುವುದಿಲ್ಲ. ಮೈಸೂರಿನ ಕಲ್ಯಾಣಮಂಟಪದಲ್ಲಿ ತೆಗೆದ ಮದುವೆಯ ಡಿವಿಡಿ ನ್ಯೂಜೆರ್ಸಿಯ ಟಿವಿಯಲ್ಲಿ ಬರದೆ ಹೋದಾಗ ಎಲ್ಲರೂ ವಿಡಿಯೊ ತೆಗೆದವನನ್ನು ಬೈಯುತ್ತಾರೆ. ಪಾಪ, ಅವನದೇನೂ ತಪ್ಪಿಲ್ಲ. ಅಲ್ಲಿರುವವರಿಗೆ ಡಿಸ್ಕ್ ಕಳಿಸುವ ಬದಲು ಅದರೊಳಗಿನ ವಿಡಿಯೊವನ್ನು ಕಂಪ್ಯೂಟರಿನಲ್ಲಿ ಎಂಪಿ4 ಫೈಲ್ ಮಾಡಿ ಕಳಿಸುವುದು ಮೇಲು.

ಜೋಡಣೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಈಗಿನ ಪ್ಲೇಯರಿನಿಂದ ಟಿವಿಗೆ ಒಂದೇ ಎಚ್‌ಡಿಎಂಐ ಕೇಬಲ್ ಹೋಗುತ್ತದೆ. ಕೆಂಪು, ಬಿಳಿ, ಹಳದಿ ಪಿನ್ನುಗಳು ಮಾತ್ರ ಇರುವ ಹಳೆಯ ದಪ್ಪ ಟಿವಿಗೆ ಹೊಸ ಬ್ಲೂ-ರೇ ಪ್ಲೇಯರ್ ಸೇರುವುದಿಲ್ಲ. ನಕಲಿನ ಭಯದಿಂದ 2014ರ ಈಚೆಗೆ ಆ ಕಿಂಡಿಗಳನ್ನೇ ತೆಗೆದುಹಾಕಿದರು. ಅಂಥ ಟಿವಿ ಇರುವವರು ಸಾಧಾರಣ ಡಿವಿಡಿ ಪ್ಲೇಯರನ್ನೇ ಕೊಳ್ಳಲಿ, ಬಹಳ ಅಗ್ಗಕ್ಕೆ ಕೆಲಸವಾಗುತ್ತದೆ. 4ಕೆ ಡಿಸ್ಕಿಗೆ ಟಿವಿಯ ಕಿಂಡಿಯೂ ಎಚ್‌ಡಿಸಿಪಿ 2.2 ಎಂಬ ಬೀಗಪದ್ಧತಿಯನ್ನು ತಿಳಿದಿರಬೇಕು. ಟಿವಿಯ ಎಲ್ಲ ಕಿಂಡಿಗಳಿಗೂ ಅದು ತಿಳಿದಿರುತ್ತದೆ ಎಂದುಕೊಳ್ಳಬೇಡಿ. ಒಂದರಲ್ಲಿ ಚಿತ್ರ ಬರದಿದ್ದರೆ ಪಕ್ಕದ್ದರಲ್ಲಿ ಹಾಕಿ ನೋಡಿ. ಹಳೆಯ ಆಂಪ್ಲಿಫೈಯರ್ ಇರುವವರಿಗೆ ಎರಡು ಎಚ್‌ಡಿಎಂಐ ಕಿಂಡಿಗಳ ಪ್ಲೇಯರ್ ಒಳ್ಳೆಯದು. ಮೇಲೆ ಹೆಸರಿಸಿದ ಎರಡರಲ್ಲೂ ಎರಡೆರಡು ಇವೆ: ಚಿತ್ರ ಒಂದರಿಂದ ಟಿವಿಗೆ, ಧ್ವನಿ ಇನ್ನೊಂದರಿಂದ ಆಂಪ್ಲಿಫೈಯರಿಗೆ.

ಮಕ್ಕಳ ಆಟಕ್ಕೆಂದು ಪ್ಲೇಸ್ಟೇಷನ್ 5 ಅಥವಾ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮನೆಗೆ ಬಂದಿದ್ದರೆ ನೀವು ಏನೂ ಕೊಳ್ಳಬೇಕಾಗಿಲ್ಲದೆ ಇರಬಹುದು. ಡಿಸ್ಕ್ ಹಾಕುವ ಸೀಳಿರುವ ಮಾದರಿಗಳು 4ಕೆ ಬ್ಲೂ-ರೇ, ಬ್ಲೂ-ರೇ, ಡಿವಿಡಿ ಮೂರನ್ನೂ ಓಡಿಸುತ್ತವೆ, ಆ್ಯಪ್‌ಗಳೂ ಇವೆ. ಆಟದ ಯಂತ್ರಕ್ಕೆ ಕೊಳ್ಳುಗರು ಕೋಟಿಗಟ್ಟಲೆ ಇರುವುದರಿಂದ ಆ ಆ್ಯಪ್‌ಗಳನ್ನು ಬೇಗ ಕೈಬಿಡುವುದಿಲ್ಲ. ಆದರೆ ಪ್ಲೇಸ್ಟೇಷನ್ 5ರಲ್ಲಿ ಹಾಡಿನ ಸಿ.ಡಿ. ಓಡುವುದಿಲ್ಲ, ಡಾಲ್ಬಿ ವಿಷನ್ ಇಲ್ಲ. ಪ್ಲೇಸ್ಟೇಷನ್ 4, ಅದರ ಪ್ರೊ ಮಾದರಿ ಕೂಡ, 4ಕೆ ಡಿಸ್ಕನ್ನು ಮುಟ್ಟುವುದಿಲ್ಲ.

ತಡ ಮಾಡುವುದೂ ಸರಿಯಲ್ಲ. ಓಪ್ಪೊ ಕಂಪನಿ 2018ರಲ್ಲಿ ಡಿಸ್ಕ್ ಪ್ಲೇಯರಿನ ವ್ಯಾಪಾರ ಬಿಟ್ಟಿತು, ಮರುವರ್ಷ ಸ್ಯಾಮ್‌ಸಂಗ್ ಅಮೆರಿಕದ ಮಾರುಕಟ್ಟೆಗೆ ಹೊಸ ಪ್ಲೇಯರ್ ತರುವುದನ್ನು ನಿಲ್ಲಿಸಿತು. ನೆಟ್‌ಫ್ಲಿಕ್ಸ್‌ನ ಅಂಚೆ ಡಿವಿಡಿ 2023ರ ಸೆಪ್ಟೆಂಬರ್‌ನಲ್ಲಿ ಕೊನೆಯಾಯಿತು. ತಯಾರಕರು ಬೆರಳೆಣಿಕೆಗೆ ಇಳಿದಿದ್ದಾರೆ. ಹಾಗಾಗಿ ಹಳೆಯ ಪ್ಲೇಯರ್ ಕೊಳ್ಳುವ ಸಂದರ್ಭ ಬಂದೀತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಪರಿಚಯದವರ ಮನೆಯಲ್ಲೋ ನೋಡುವಾಗ ನಿಮ್ಮ ಕೈಯಲ್ಲಿ ಒಂದು ಸಿ.ಡಿ., ಒಂದು ಎರಡು ಪದರದ ಡಿವಿಡಿ, ಒಂದು ಬ್ಲೂ-ರೇ ಇರಲಿ. ಒಂದೊಂದಕ್ಕೂ ಬೇರೆ ಬೇರೆ ಬಣ್ಣದ ಲೇಸರ್ ಬೇಕೆಂದು ಮೊದಲೇ ನೋಡಿದೆವು. ಡಿವಿಡಿ ಓಡಿದ ಮಾತ್ರಕ್ಕೆ ಬ್ಲೂ-ರೇಯ ನೀಲಿ ಲೇಸರ್ ಸರಿಯಿದೆ ಎಂದಲ್ಲ. ಸಿನಿಮಾದ ಮೊದಲ ಹತ್ತು ನಿಮಿಷ ನೋಡಿ ಒಪ್ಪಬೇಡಿ, ನಡುವಿನ ಅಧ್ಯಾಯಗಳಿಗೂ ಕೊನೆಯದಕ್ಕೂ ಹಾರಿ. ಸವೆದ ಯಂತ್ರ ತಡವರಿಸುವುದು ಹೆಚ್ಚಾಗಿ ಅಂಚಿನಲ್ಲಿ: ಒಂದು ಪದರದ ಡಿಸ್ಕಿನಲ್ಲಿ ಅಂಚು ಬರುವುದು ಸಿನಿಮಾದ ಕೊನೆಗೆ, ಎರಡು ಪದರದ್ದರಲ್ಲಿ ಸಾಮಾನ್ಯವಾಗಿ ನಡುವೆ. ಆ್ಯಪ್‌ಗಳನ್ನು ಅಲ್ಲಿಯೇ ನಿಮ್ಮ ಮೊಬೈಲಿನ ಇಂಟರ್‌ನೆಟ್ಟಿಗೆ ಜೋಡಿಸಿ ತೆರೆದು ನೋಡಿ. ತೆರೆಯದಿದ್ದರೆ ಬೆಲೆ ಇಳಿಸಲು ಅದೊಂದು ಕಾರಣ, ಕೊಳ್ಳದಿರಲು ಕಾರಣವಲ್ಲ.

ಮನೆಗೆ ತಂದ ದಿನ ಸಿನಿಮಾ ಹಾಕುವ ಮೊದಲು ಪ್ಲೇಯರಿನ ತಂತ್ರಾಂಶವನ್ನು ಹೊಸದಾಗಿಸಿ. ಇಂಟರ್‌ನೆಟ್ ಇಲ್ಲದಿದ್ದರೆ ತಯಾರಕರ ಜಾಲತಾಣದಿಂದ ಪೆನ್‌ಡ್ರೈವ್‌ಗೆ ಇಳಿಸಿಕೊಂಡು ಹಾಕಬಹುದು. ಬ್ಲೂ-ರೇ ಡಿಸ್ಕುಗಳ ಬೀಗದ ಕೈಗಳು ಕಾಲಕಾಲಕ್ಕೆ ಬದಲಾಗುವುದರಿಂದ ಇದನ್ನು ಮಾಡದ ಪ್ಲೇಯರ್ ಹೊಸ ಡಿಸ್ಕನ್ನು ತಿರಸ್ಕರಿಸುವುದುಂಟು. ಆಮೇಲೆ ಮೆನುವಿನಲ್ಲಿ ‘24ಪಿ’ ಎಂಬುದನ್ನು ಹುಡುಕಿ ‘ಆಟೊ’ ಮಾಡಿ. ಸಿನಿಮಾ ಚಿತ್ರೀಕರಣವಾಗುವುದು ಸೆಕೆಂಡಿಗೆ 24 ಚೌಕಟ್ಟಿನಲ್ಲಿ, ಅದೇ ಗತಿಯಲ್ಲಿ ಕಳಿಸಿದರೆ ಕ್ಯಾಮೆರಾ ನಿಧಾನಕ್ಕೆ ತಿರುಗುವ ದೃಶ್ಯಗಳಲ್ಲಿ ಕುಲುಕು ಇರುವುದಿಲ್ಲ.

ಡಿಸ್ಕ್ ಒರೆಸುವುದನ್ನು ನಮ್ಮಲ್ಲಿ ಬಹುಪಾಲು ಜನ ತಪ್ಪಾಗಿ ಕಲಿತಿದ್ದಾರೆ. ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತಲೂ ಉಜ್ಜಬಾರದು. ಸುರುಳಿಯ ಗುಂಟ ಬಿದ್ದ ಗೀರು ಒಂದೇ ಕಡೆಯ ಮಾಹಿತಿಯನ್ನು ಉದ್ದಕ್ಕೆ ನುಂಗಿದರೆ ಯಂತ್ರಕ್ಕೆ ಅದನ್ನು ಊಹಿಸಿ ತುಂಬಲಾಗುವುದಿಲ್ಲ. ಅಡ್ಡ ಬಿದ್ದ ಗೀರನ್ನು ಹೇಗೋ ದಾಟುತ್ತದೆ. ಸಿ.ಡಿ.ಯಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಹೆಸರು ಬರೆದ ಬದಿಗೆ, ಅದರ ತೆಳು ಬಣ್ಣದ ಕೆಳಗೇ ಮಾಹಿತಿಯ ಪದರವಿದೆ. ಡಿವಿಡಿಯಲ್ಲಿ ಅದು ಎರಡು ಪ್ಲಾಸ್ಟಿಕ್ ಬಿಲ್ಲೆಗಳ ನಡುವೆ ಭದ್ರ. ಬ್ಲೂ-ರೇಯಲ್ಲಿ ಓದುವ ಬದಿಯಿಂದ ಬರೀ 0.1 ಮಿಲಿಮೀಟರ್ ಒಳಗೆ, ಅದಕ್ಕೇ ಮೇಲೆ ಗಟ್ಟಿ ಲೇಪ ಕೊಟ್ಟಿರುತ್ತಾರೆ.

ಮದುವೆಯ, ನಾಮಕರಣದ, ಶಾಲಾ ವಾರ್ಷಿಕೋತ್ಸವದ ಡಿವಿಡಿಗಳು ಕಾರ್ಖಾನೆಯಲ್ಲಿ ಅಚ್ಚೊತ್ತಿದವಲ್ಲ, ಕಂಪ್ಯೂಟರಿನಲ್ಲಿ ಬರೆದವು. ಅವುಗಳಲ್ಲಿ ಗುಳಿಯ ಬದಲು ಇರುವುದು ಬೆಳಕಿಗೆ, ಬಿಸಿಗೆ ಕೆಡುವ ಬಣ್ಣದ ಪದರ. ಅಂಗಡಿಯಲ್ಲಿ ಕೊಂಡ ಸಿನಿಮಾ ಡಿಸ್ಕಿಗಿಂತ ಮೊದಲು ಹೋಗುವುದು ಇವೇ, ಮತ್ತೆ ಎಲ್ಲಿಯೂ ಸಿಗದವೂ ಇವೇ. ಪ್ಲೇಯರಿನ ವಿಚಾರ ಆಮೇಲೆ ಮಾಡಿ. ಈ ವಾರ ಒಂದು ಡಿವಿಡಿ ಡ್ರೈವ್ ಇರುವ ಕಂಪ್ಯೂಟರ್ ಹುಡುಕಿ ಅವನ್ನೆಲ್ಲ ಹಾರ್ಡ್‌ಡಿಸ್ಕಿಗೆ ಇಳಿಸಿಕೊಳ್ಳಿ, ಎರಡು ಪ್ರತಿ.